ಯುದ್ಧವನ್ನು ಬರೆದ ಕೈ, ಯುದ್ಧವನ್ನು ಕಂಡ ಕಣ್ಣು

ಕೊಡಗಿನ ಬೆಟ್ಟಗಳಿಂದ ಇಳಿದು ಬರುವ ಕಾವೇರಿ ಮೈಸೂರು ಸೀಮೆಯ ಬಯಲಿನಲ್ಲಿ ಶಾಂತವಾಗಿ ಹರಿಯುತ್ತ ಬಂದು ಚುಂಚನಕಟ್ಟೆಯಲ್ಲಿ ಸುಮಾರು 20 ಮೀಟರ್ ಆಳಕ್ಕೆ ಧುಮುಕುತ್ತದೆ. ದಡದ ಮೇಲೆ ಕೋದಂಡರಾಮನ ಗುಡಿಯಿದೆ. ಚುಂಚ, ಚುಂಚಿ ಎಂಬ ಕಾಡಿನ ದಂಪತಿಗಳು ವನವಾಸದ ರಾಮನಿಗೆ ಇಲ್ಲಿ ಆತಿಥ್ಯ ನೀಡಿದರೆಂದೂ, ಸೀತೆಯ ಸ್ನಾನಕ್ಕಾಗಿ ಬಂಡೆಗೆ ಬಾಣ ಬಿಟ್ಟು ನೀರು ಬರಿಸಲಾಯಿತೆಂದೂ ಸ್ಥಳಪುರಾಣ ಹೇಳುತ್ತದೆ. ಲಂಕೆಯ ಯುದ್ಧಕ್ಕೆ ಸಲ್ಲಬೇಕಾದ ಬಿಲ್ಲು ಈ ಊರಿನ ನೆನಪಿನಲ್ಲಿ ನೀರಿಗೆ ಸಂದಿದೆ. ಜನವರಿಯ ದನಗಳ ಜಾತ್ರೆಗೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಿಂದ ಬರುವ ರೈತರಿಗೆ ಇದು ಎತ್ತು, ಹೋರಿ, ಬೆಳೆ, ನಾಲೆಗಳ ಊರು. ಯುದ್ಧದ ಊರೆಂದು ಇದನ್ನು ಯಾರೂ ಕರೆಯುವುದಿಲ್ಲ.

ಆದರೆ ಇದೇ ನೀರು ಮುಂದೆ ಕೃಷ್ಣರಾಜಸಾಗರವನ್ನು ಹಾದು ಶ್ರೀರಂಗಪಟ್ಟಣವನ್ನು ಸುತ್ತುವರಿಯುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಭಾರತದ ಯಾವ ಊರಿನ ಕದನವನ್ನೂ ಬರೆಯದಷ್ಟು ಉತ್ಸಾಹದಿಂದ ಯೂರೋಪಿನ ಚಿತ್ರಕಾರರು ಬರೆದದ್ದು ಈ ಊರಿನ ಕದನವನ್ನೇ. ಚುಂಚನಕಟ್ಟೆಯಿಂದ ಶ್ರೀರಂಗಪಟ್ಟಣದವರೆಗಿನ ನದಿಯ ಈ ಒಂದು ತುಂಡಿನ ಎರಡು ದಡಗಳಲ್ಲಿ ಶಾಸನವಿದೆ, ವೀರಗಲ್ಲಿದೆ, ಭಿತ್ತಿಚಿತ್ರವಿದೆ. ಚಿತ್ರವೇ ಆಗದೆ ಉಳಿದ ಯುದ್ಧಗಳೂ ಇವೆ. ಯುದ್ಧವನ್ನು ಚಿತ್ರಿಸುವುದೆಂದರೇನು, ಅದು ಯಾರಿಗಾಗಿ, ಯಾರನ್ನು ಬಿಟ್ಟು ಎಂಬ ಪ್ರಶ್ನೆಗಳನ್ನು ಕೇಳಲು ಇದಕ್ಕಿಂತ ತಕ್ಕ ಸ್ಥಳ ಅಪರೂಪ.

ಮೊದಲಿಗೆ ಚಿತ್ರವಿಲ್ಲದ ಯುದ್ಧ. ಚುಂಚನಕಟ್ಟೆಯ ನೆರೆಯಲ್ಲಿರುವ ಹನಸೋಗೆ ಇಂದು ತನ್ನ ಪ್ರಾಚೀನ ತ್ರಿಕೂಟ ಬಸದಿಗಾಗಿ ಪ್ರಸಿದ್ಧ. ಶಾಸನಗಳಲ್ಲಿ ಇದರ ಹೆಸರು ಪನಸೋಗೆ. ಸುಮಾರು 1004ರಲ್ಲಿ ಚೋಳರಿಗೂ ಚಂಗಾಳ್ವರಿಗೂ ಇಲ್ಲಿ ಕದನವಾಯಿತು. ಶತ್ರುಸೈನ್ಯ ಚದುರುವವರೆಗೆ ಕಾದಿದ ಮನಿಜನೆಂಬ ವೀರನ ಸುದ್ದಿ ಚೋಳ ರಾಜರಾಜನ ಕಿವಿಗೆ ಬಿದ್ದು, ಅವನಿಗೆ ‘ಕ್ಷತ್ರಿಯಶಿಖಾಮಣಿ ಕೊಂಗಾಳ್ವ’ ಎಂಬ ಬಿರುದೂ ಮಾಳವ್ವಿ ಎಂಬ ಊರೂ ದೊರೆತವು. ಕೊಡಗಿನ ಕೊಂಗಾಳ್ವ ಮನೆತನದ ಆರಂಭ ಇದು. ಗೆದ್ದವನ ಹೆಸರು ಉಳಿಯಿತು, ಅವನಿಗೆ ದೊರೆತ ಊರಿನ ಹೆಸರು ಉಳಿಯಿತು. ಆ ದಿನ ಪನಸೋಗೆಯ ಬಯಲಿನಲ್ಲಿ ಬಿದ್ದವರೆಷ್ಟು, ಅವರ ಮನೆಗಳು ಎಲ್ಲಿದ್ದವು, ಆ ವರ್ಷದ ಬೆಳೆ ಏನಾಯಿತು ಎಂಬುದನ್ನು ಶಾಸನ ಹೇಳುವುದಿಲ್ಲ. ಹೇಳುವುದು ಅದರ ಕೆಲಸವೂ ಆಗಿರಲಿಲ್ಲ. ರಾಜಶಾಸನ ಯುದ್ಧವನ್ನು ಫಲಿತಾಂಶವಾಗಿ ಕಾಣುತ್ತದೆ.

ಬಿದ್ದವನನ್ನು ಕಂಡದ್ದು ವೀರಗಲ್ಲು. ಕನ್ನಡ ನಾಡಿನಲ್ಲಿ ಯುದ್ಧವನ್ನು ಚಿತ್ರಿಸಿದ ಅತಿ ವ್ಯಾಪಕವಾದ ಕಲೆ ಅರಮನೆಯದಲ್ಲ, ಊರ ಬಾಗಿಲಿನದು. ವೀರಗಲ್ಲಿನ ರಚನೆ ಸಾಮಾನ್ಯವಾಗಿ ಮೂರು ಪಟ್ಟಿಕೆಗಳದ್ದು. ಕೆಳಗೆ ಕಾಳಗ, ನಡುವೆ ಮಡಿದವನನ್ನು ಕೈಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಅವನು ಸೇರಿದ ಲೋಕ. ಆ ಮೇಲಿನ ಪಟ್ಟಿಕೆಯಲ್ಲಿ ಸಾಮಾನ್ಯವಾಗಿ ಶಿವಲಿಂಗವಿರುತ್ತದೆ, ಜೈನ ವೀರನಾದರೆ ಜಿನಬಿಂಬವಿರುತ್ತದೆ. ಕೆಳಗಿನ ಪಟ್ಟಿಕೆ ಮಾತ್ರ ಮತಭೇದವಿಲ್ಲದೆ ಒಂದೇ: ಕತ್ತಿ, ಬಿಲ್ಲು, ಗುರಾಣಿ, ಬಿದ್ದ ದೇಹ. ಓದು ಬಾರದ ದಾರಿಹೋಕನೂ ಕೆಳಗಿನಿಂದ ಮೇಲಕ್ಕೆ ಕಣ್ಣಾಡಿಸಿ ಇಡೀ ಕಥೆಯನ್ನು ತಿಳಿಯಬಲ್ಲನು.

ಈ ಕಲೆಯ ಅತ್ಯಂತ ವಿಸ್ತಾರವಾದ ಮಾದರಿಗಳಲ್ಲೊಂದು ಬೇಗೂರಿನ ವೀರಗಲ್ಲು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನ ಪರವಾಗಿ ನೊಳಂಬ ವೀರಮಹೇಂದ್ರನೊಡನೆ ಕಾದಿ ಮಡಿದ ನಾಗತ್ತರನ ಸ್ಮರಣೆಗೆ ನಿಂತದ್ದು ಅದು. ಆನೆ, ಕುದುರೆ, ಕಾಲಾಳುಗಳು ಒತ್ತಿ ನಿಂತ ರಣರಂಗವೇ ಅಲ್ಲಿದೆ. ಇದಕ್ಕಿಂತಲೂ ಯೋಚನೆಗೆ ಹಚ್ಚುವುದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಅದರ ಬರಹದಲ್ಲಿ ತಕ್ಕೋಲದ ಮಹಾಯುದ್ಧವಿದೆ, ಚೋಳ ರಾಜಾದಿತ್ಯನ ಮರಣವಿದೆ, ರಾಷ್ಟ್ರಕೂಟರ ಮೂರನೆಯ ಕೃಷ್ಣನಿದ್ದಾನೆ, ಗಂಗ ಬೂತುಗನಿದ್ದಾನೆ. ಆದರೆ ಶಿಲ್ಪಿ ಕೆತ್ತಿದ್ದು ಒಂದು ನಾಯಿಯನ್ನೂ ಒಂದು ಹಂದಿಯನ್ನೂ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ತನ್ನ ಒಡೆಯನಿಂದ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ ಸತ್ತಿತು. ಅದಕ್ಕಾಗಿ ಈ ಕಲ್ಲು. ಸಾಮ್ರಾಜ್ಯಗಳ ಯುದ್ಧ ಅಕ್ಷರಕ್ಕೆ ಸೇರಿತು, ಪ್ರೀತಿಯ ಪ್ರಾಣಿಯ ಸಾವು ಚಿತ್ರಕ್ಕೆ ಸೇರಿತು. ಹತ್ತನೆಯ ಶತಮಾನದ ಒಬ್ಬ ಯೋಧನಿಗೆ ಯಾವುದು ಕಣ್ಣಮುಂದೆ ನಿಲ್ಲಬೇಕೆನಿಸಿತ್ತು ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಸಾಕ್ಷ್ಯ ಬೇಕಿಲ್ಲ.

ವೀರಗಲ್ಲಿಗೂ ಅದರದೇ ಕುರುಡುತನವುಂಟು. ಅದು ಸಾವನ್ನು ಸ್ವರ್ಗದ ಮೆಟ್ಟಿಲಾಗಿಸುತ್ತದೆ, ನೋವನ್ನು ಕಾಣಿಸುವುದಿಲ್ಲ. ಮಡಿದವನ ಹೆಂಡತಿ ಅಲ್ಲಿ ಬರುವುದಾದರೆ ಮಾಸ್ತಿಕಲ್ಲಾಗಿ ಬರುತ್ತಾಳೆ. ಹಲವು ಮಾಸ್ತಿಕಲ್ಲುಗಳಲ್ಲಿ ಅವಳು ಬಳೆ ತೊಟ್ಟ, ಮೇಲೆತ್ತಿದ ಒಂದು ತೋಳು ಮಾತ್ರ. ಮುಖವಿಲ್ಲ, ಎಷ್ಟೋ ಕಡೆ ಹೆಸರೂ ಇಲ್ಲ. ಯುದ್ಧದ ಇನ್ನೊಂದು ಬೆಲೆಯನ್ನು ತೆತ್ತವಳು ಒಂದು ಕೈಯಷ್ಟೇ ಆಗಿ ಉಳಿದಿರುವುದನ್ನು ಗಮನಿಸಿದ ಮೇಲೆ, ಪಕ್ಕದ ವೀರಗಲ್ಲನ್ನು ಮೊದಲಿನ ಹಾಗೆಯೇ ನೋಡುವುದು ಕಷ್ಟ.

ಇದೇ ಗಂಗರ ಕಾಲದಲ್ಲಿ ಯುದ್ಧವನ್ನು ಕುರಿತ ಮತ್ತೊಂದು ಪ್ರತಿಮೆಯೂ ಹುಟ್ಟಿತು. ಚಾವುಂಡರಾಯ ಸೇನಾಪತಿ. ‘ಸಮರಪರಶುರಾಮ’, ‘ವೀರಮಾರ್ತಂಡ’ ಮೊದಲಾದ ಅವನ ಬಿರುದುಗಳೆಲ್ಲ ರಣರಂಗದಲ್ಲಿ ಗಳಿಸಿದವು. ತಾನು ಗೆದ್ದ ಕಾಳಗಗಳನ್ನು ಕೆತ್ತಿಸುವ ಸಂಪತ್ತೂ ಶಿಲ್ಪಿಗಳೂ ಅವನಿಗಿದ್ದರು. ಆದರೆ 981ರ ಸುಮಾರಿಗೆ ಶ್ರವಣಬೆಳ್ಗೊಳದಲ್ಲಿ ಅವನು ಕಡೆಯಿಸಿದ್ದು ಬಾಹುಬಲಿಯನ್ನು. ಅಣ್ಣ ಭರತನೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದೂ ಗೆಲುವನ್ನು ಬಿಟ್ಟು ನಡೆದವನ 58 ಅಡಿಯ ಮೂರ್ತಿ ಅದು. ಅಲ್ಲಿ ಆಯುಧವಿಲ್ಲ, ಸೋತವನಿಲ್ಲ, ಸೇನೆಯಿಲ್ಲ. ಕಾಲಿಗೆ ಹುತ್ತ, ತೋಳಿಗೆ ಬಳ್ಳಿ. ಎರಡು ಸೇನೆಗಳು ಎದುರುಬದುರಾಗಿ ನಿಂತಿದ್ದ ಕಥೆಯ ಶಿಲ್ಪ ಇದು ಎಂಬುದು ನೋಡುಗನಿಗೆ ನೆನಪಾಗುವುದು ತಡವಾಗಿ. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯ ಬಂಡೆಯ ಮೇಲೂ ಅದೇ ಮೂರ್ತಿ ಚಿಕ್ಕದಾಗಿ ನಿಂತಿದೆ. ಯುದ್ಧ ಮುಗಿದ ಮರುಕ್ಷಣವನ್ನು ಚಿತ್ರಿಸುವ ಕಲೆಯೂ ಯುದ್ಧಚಿತ್ರಣವೇ.

ನದಿಯನ್ನು ಅನುಸರಿಸಿ ಕೆಳಗಿಳಿದರೆ ಶ್ರೀರಂಗಪಟ್ಟಣದ ದರಿಯಾದೌಲತ್. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಿಗೆಯ ಅರಮನೆಯ ಪಶ್ಚಿಮ ಗೋಡೆಯ ತುಂಬ 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಪೊಲ್ಲಿಲೂರಿನಲ್ಲಿ ನಡೆದ ಯುದ್ಧವಿದೆ. ಹೈದರ್ ಮತ್ತು ಟಿಪ್ಪು ಕರ್ನಲ್ ಬೈಲಿಯ ಪಡೆಯನ್ನು ಸುತ್ತುಗಟ್ಟಿ ಮುರಿದ ದಿನ ಅದು. ಗೋಡೆಯ ಮೇಲೆ ಕುದುರೆಗಳ ಸಾಲುಗಳು ಅಲೆಯಂತೆ ಒತ್ತಿ ಬರುತ್ತವೆ. ನಡುವೆ ಕೆಂಪು ಅಂಗಿಯ ಸಿಪಾಯಿಗಳ ಚೌಕ. ಅದರೊಳಗೆ ಸ್ಫೋಟಿಸುತ್ತಿರುವ ಮದ್ದಿನ ಬಂಡಿ. ಪಲ್ಲಕ್ಕಿಯಲ್ಲಿ ಕುಳಿತ ಗಾಯಾಳು ಬೈಲಿ. ದೂರದಿಂದ ದುರ್ಬೀನಿನಲ್ಲಿ ನೋಡುತ್ತಿರುವ ಫ್ರೆಂಚ್ ಅಧಿಕಾರಿ ಲಾಲಿ. ಯೂರೋಪಿನ ಚಿತ್ರದಲ್ಲಿರುವಂತೆ ಒಂದೇ ಕಣ್ಣಿನಿಂದ, ಒಂದೇ ಕ್ಷಣದಲ್ಲಿ ಕಂಡ ದೃಶ್ಯ ಇದಲ್ಲ. ದಂಡಯಾತ್ರೆ, ಮುತ್ತಿಗೆ, ಸಂಹಾರ, ಜಯ ಎಲ್ಲವೂ ಒಟ್ಟಿಗೇ ಕಾಣುತ್ತವೆ. ಗೋಡೆಯ ಉದ್ದಕ್ಕೂ ನಡೆಯುತ್ತ ನೋಡಬೇಕಾದ ಚಿತ್ರ ಇದು. ಕಾವ್ಯದ ಯುದ್ಧವರ್ಣನೆಯಂತೆ ಇದಕ್ಕೂ ಕಾಲ ಬೇಕು.

ಇಲ್ಲಿ ಕತ್ತರಿಸಿ ಬಿದ್ದ ತಲೆಗಳಿವೆ, ಆದರೆ ಯಾರ ತಲೆಯೂ ಯಾರದೆಂದು ತಿಳಿಯುವುದಿಲ್ಲ. ವೀರಗಲ್ಲಿನಲ್ಲಿ ಒಬ್ಬನ ಸಾವು ಚಿತ್ರದ ಕೇಂದ್ರವಾಗಿತ್ತು. ಇಲ್ಲಿ ಒಡೆಯನ ಗೆಲುವು ಕೇಂದ್ರ, ಸಾವುಗಳು ಹಿನ್ನೆಲೆಯ ವಿನ್ಯಾಸ. ಆದರೂ ಈ ಗೋಡೆಯ ಮುಂದಿನ ಚರಿತ್ರೆ ಅದರ ಚಿತ್ರದಷ್ಟೇ ವಿಚಿತ್ರ. 1799ರ ಮುತ್ತಿಗೆಗೆ ಮೊದಲೇ ಚಿತ್ರಗಳು ಅಳಿಸಿಹೋಗಿದ್ದವೆಂದೂ, ಊರು ಬಿದ್ದ ಮೇಲೆ ಇಲ್ಲಿ ವಾಸವಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅವನ್ನು ಮತ್ತೆ ಬರೆಯಿಸಿದನೆಂದೂ ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಅನಂತರ ಮತ್ತೆ ಸುಣ್ಣ ಬಳಿಯಲಾಯಿತು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ, ಮೂಲ ಚಿತ್ರವನ್ನು ನೆನಪಿಟ್ಟುಕೊಂಡಿದ್ದ ದೇಶೀ ಕಲಾವಿದನೊಬ್ಬ ಅದನ್ನು ಪುನಃ ಬರೆದ. ಹೀಗೆ, ಸೋತವರೇ ಗೆದ್ದ ಮೇಲೆ, ತಮ್ಮ ಸೋಲಿನ ಚಿತ್ರವನ್ನು ಎರಡು ಬಾರಿ ಉಳಿಸಿದರು. ತಮ್ಮ ಶತ್ರು ಎಷ್ಟು ಬಲಶಾಲಿಯಾಗಿದ್ದನೆಂದು ತೋರಿದಷ್ಟೂ ತಮ್ಮ ಗೆಲುವಿನ ಬೆಲೆ ಏರುತ್ತದೆ ಎಂಬ ಲೆಕ್ಕ ಅದರಲ್ಲಿ ಇದ್ದಿರಬಹುದು. ಚಿತ್ರ ಬದಲಾಗಲಿಲ್ಲ; ಅದರ ಮುಂದೆ ನಿಂತವನು ಬದಲಾದಾಗ ಅರ್ಥ ತಿರುಗಿತು. ಚಿತ್ರದಲ್ಲಿ ಪಲ್ಲಕ್ಕಿಯಲ್ಲಿ ಕುಳಿತಿರುವ ಬೈಲಿಯಂತೂ 1782ರಲ್ಲಿ ಇದೇ ಊರಿನ ಸೆರೆಯಲ್ಲಿ ತೀರಿಕೊಂಡ. ಅವನ ಸ್ಮಾರಕ ಗುಂಬಜಿನ ಬಳಿಯಲ್ಲೇ ಇದೆ.

ಇನ್ನೊಂದು ಪಕ್ಷದ ಕುಂಚಗಳೂ ಸುಮ್ಮನಿರಲಿಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದ ರಾಬರ್ಟ್ ಹೋಮ್, 1792ರ ಫೆಬ್ರವರಿಯಲ್ಲಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳುಗಳಾಗಿ ಪಡೆದ ಪ್ರಸಂಗವನ್ನು ಚಿತ್ರಿಸಿದ. ತಂದೆಯಿಂದ ಮಕ್ಕಳನ್ನು ಅಗಲಿಸಿದ ಘಟನೆ ಅವನ ಚಿತ್ರದಲ್ಲಿ ವಾತ್ಸಲ್ಯದ ಸಮಾರಂಭದಂತೆ ಕಾಣುತ್ತದೆ. ಹೋಮ್ ಅಲ್ಲಿ ತನ್ನನ್ನೂ ಒಂದು ಮೂಲೆಯಲ್ಲಿ ಬರೆದುಕೊಂಡಿದ್ದಾನೆ. ‘ಕಂಡು ಬರೆದದ್ದು’ ಎಂಬ ಮುದ್ರೆಯಂತೆ. ಕಣ್ಣಾರೆ ಕಂಡವನ ಚಿತ್ರವೂ ತನ್ನ ಪಕ್ಷದ ಚಿತ್ರವಾಗಬಲ್ಲದು ಎಂಬ ಮಾತಿಗೆ ಇದು ಉದಾಹರಣೆ.

ಕಾಣದೆಯೇ ಬರೆದವರು ಇನ್ನೂ ಹೆಚ್ಚು ಜನರನ್ನು ಸೆಳೆದರು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಕಲಾವಿದ ಲಂಡನ್ನಿನಲ್ಲಿ ಆ ಕದನದ ನೂರಕ್ಕೂ ಹೆಚ್ಚು ಅಡಿ ಉದ್ದದ ದೃಶ್ಯಪಟವನ್ನು ಪ್ರದರ್ಶಿಸಿದ. ಅವನು ಭಾರತವನ್ನು ಕಂಡವನಲ್ಲ. ಜನ ಹಣ ತೆತ್ತು ಬಂದು ಅದರ ಮುಂದೆ ನಿಂತರು. ಆ ಪಟ ಇಂದು ಉಳಿದಿಲ್ಲ, ಅದರ ಅಚ್ಚುಚಿತ್ರಗಳು ಉಳಿದಿವೆ. ಮುಂದೆ ಡೇವಿಡ್ ವಿಲ್ಕಿ ಬರೆದ ಚಿತ್ರದಲ್ಲಿ ಜನರಲ್ ಬೇರ್ಡ್ ದೀಪದ ಬೆಳಕಿನಲ್ಲಿ ಟಿಪ್ಪುವಿನ ಶವದ ಮೇಲುಗಡೆ ಕೈಚಾಚಿ ನಿಂತಿದ್ದಾನೆ. ಬೇರ್ಡ್ ಹಿಂದೆ ಪೊಲ್ಲಿಲೂರಿನಲ್ಲಿ ಸೆರೆಸಿಕ್ಕು ಶ್ರೀರಂಗಪಟ್ಟಣದ ಸೆರೆಯಲ್ಲಿ ವರ್ಷಗಳನ್ನು ಕಳೆದವನು. ಆ ಚಿತ್ರವನ್ನು ಬರೆಯಿಸಿದ್ದು ಅವನ ವಿಧವೆ. ದರಿಯಾದೌಲತ್ತಿನ ಗೋಡೆಗೆ ಅವಳ ಮನೆಯ ಗೋಡೆ ನೀಡಿದ ಉತ್ತರ ಅದು. ಒಂದು ಗೋಡೆಯಲ್ಲಿ ಬೈಲಿ ಸೋತು ಕುಳಿತಿದ್ದಾನೆ, ಇನ್ನೊಂದರಲ್ಲಿ ಟಿಪ್ಪು ಸತ್ತು ಬಿದ್ದಿದ್ದಾನೆ. ಎರಡರಲ್ಲೂ ಸಾಮಾನ್ಯ ಸಿಪಾಯಿ ಒಂದು ಬಣ್ಣದ ಚುಕ್ಕೆ.

ಈ ಚಿತ್ರಗಳ ಬೆಳಕು ಕಾವೇರಿಯ ಮೇಲ್ಭಾಗಕ್ಕೆ ಬೀಳಲಿಲ್ಲ. ಅದೇ 1799ರ ಮಾರ್ಚ್ 6ರಂದು ಪಿರಿಯಾಪಟ್ಟಣಕ್ಕೂ ಕೊಡಗಿಗೂ ನಡುವಿನ ಸಿದ್ಧೇಶ್ವರದ ಬಳಿ ಟಿಪ್ಪುವಿನ ಸೈನ್ಯ ಮತ್ತು ಬೊಂಬಾಯಿಯ ಸೈನ್ಯದ ತುಕಡಿಗಳು ಕಾದಾಡಿದವು. ಹಿಂದಿನ ದಿನ ಬೆಟ್ಟದ ಮೇಲಿಂದ ನೋಡುತ್ತಿದ್ದವರಿಗೆ ಪಿರಿಯಾಪಟ್ಟಣದ ದಿಕ್ಕಿನಲ್ಲಿ ಎದ್ದು ನಿಂತ ದೊಡ್ಡದೊಂದು ಹಸಿರು ಡೇರೆ ಕಂಡಿತ್ತು. ಟಿಪ್ಪು ಹಿಮ್ಮೆಟ್ಟಿದ; ಏಪ್ರಿಲಿನಲ್ಲಿ ಬೊಂಬಾಯಿಯ ಸೈನ್ಯ ಪಿರಿಯಾಪಟ್ಟಣದ ಮೂಲಕ ಇಳಿದು ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಕೂಡಿಕೊಂಡಿತು. ಸಾವಿರಾರು ಜನರ ಸೈನ್ಯ ನಡೆಯುವುದೆಂದರೆ ಅದರೊಡನೆ ಎತ್ತುಗಳು, ಬಂಡಿಗಳು, ಹುಲ್ಲು, ದವಸ ಎಲ್ಲವೂ ನಡೆಯಬೇಕು. ಅವೆಲ್ಲ ಬರುವುದು ದಾರಿಯ ಊರುಗಳಿಂದ. ಆ ಹಸಿರು ಡೇರೆಯನ್ನು ಕಂಡವರ ಮಾತು ದಾಖಲೆಯಾಯಿತು. ಡೇರೆಯ ಸುತ್ತಲಿನ ಹಳ್ಳಿಗಳ ಒಕ್ಕಲು ಕಂಡದ್ದನ್ನು ಯಾವ ಪಟವೂ ಗೋಡೆಯೂ ಬರೆಯಲಿಲ್ಲ. ಅರಸ ಸತ್ತ ಜಾಗ ಚಿತ್ರಕ್ಕೆ ಯೋಗ್ಯವಾಯಿತು. ಎತ್ತು ಕಳೆದುಕೊಂಡ ಜಾಗ ಆಗಲಿಲ್ಲ.

ವಿಲ್ಕಿಯ ಚಿತ್ರ ಲಂಡನ್ನಿನಲ್ಲಿ ಪ್ರದರ್ಶನಗೊಂಡದ್ದು 1839ರಲ್ಲಿ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಡಗೇರನ ಛಾಯಾಗ್ರಹಣ ವಿಧಾನ ಪ್ರಕಟವಾಯಿತು. ಇನ್ನು ಮುಂದೆ ಯುದ್ಧದ ಸುಳ್ಳು ಚಿತ್ರಗಳ ಕಾಲ ಮುಗಿಯಿತೆಂದು ಯಾರಾದರೂ ಭಾವಿಸಿದ್ದರೆ ಅದು ಸಹಜ. ಕುಂಚ ಕಲ್ಪಿಸಬಲ್ಲದು, ಕ್ಯಾಮೆರಾ ಎದುರಿಗಿರುವುದನ್ನು ಮಾತ್ರ ಹಿಡಿಯಬಲ್ಲದು. ಆದರೆ ಅಂದಿನ ಕ್ಯಾಮೆರಾಕ್ಕೆ ಚಲನೆ ದಕ್ಕುತ್ತಿರಲಿಲ್ಲ. ಕದನ ನಡೆಯುವಾಗ ಅದು ನಿಷ್ಪ್ರಯೋಜಕ. ಹೀಗಾಗಿ ಮೊದಲ ಯುದ್ಧ ಛಾಯಾಚಿತ್ರಗಳು ಯುದ್ಧ ಮುಗಿದ ಜಾಗದ ಚಿತ್ರಗಳಾದವು. 1855ರಲ್ಲಿ ಕ್ರಿಮಿಯಾದಲ್ಲಿ ರೋಜರ್ ಫೆಂಟನ್ ಗುಂಡುಗಳು ಬಿದ್ದ ಒಂದು ಕಣಿವೆಯ ಚಿತ್ರವನ್ನು ಎರಡು ಬಾರಿ ತೆಗೆದ. ಒಂದರಲ್ಲಿ ರಸ್ತೆ ಖಾಲಿ, ಇನ್ನೊಂದರಲ್ಲಿ ರಸ್ತೆಯ ಮೇಲೆ ಗುಂಡುಗಳು. ಚಿತ್ರಕ್ಕಾಗಿ ಗುಂಡುಗಳನ್ನು ಸರಿಸಿಡಲಾಯಿತೇ ಎಂಬ ವಾದ ಇಂದಿಗೂ ಇದೆ. 1858ರಲ್ಲಿ ಫೆಲಿಚೆ ಬಿಯಾಟೊ ಲಖನೌದ ಸಿಕಂದರ್ ಬಾಗಿನ ಅಂಗಳವನ್ನು ಸೆರೆಹಿಡಿದ. ಪಾಳುಬಿದ್ದ ಕಟ್ಟಡದ ಮುಂದೆ ಎಲುಬುಗಳು ಹರಡಿವೆ. ಕಾಳಗ ನಡೆದು ಆಗಲೇ ತಿಂಗಳುಗಳು ಕಳೆದಿದ್ದವು. ಆ ಎಲುಬುಗಳನ್ನು ಚಿತ್ರಕ್ಕಾಗಿಯೇ ಹರಡಲಾಗಿತ್ತೆಂಬುದು ಬಹು ವಿದ್ವಾಂಸರ ಅಭಿಪ್ರಾಯ. ಸತ್ತವರನ್ನು ಎರಡನೆಯ ಬಾರಿ ಯುದ್ಧಭೂಮಿಗೆ ತಂದ ಹಾಗಾಯಿತು.

ಮೈಸೂರಿನವರ ಪಾಲಿಗೆ ಹತ್ತಿರವಾದ ಒಂದು ಛಾಯಾಚಿತ್ರವಿದೆ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಜೋಧಪುರ ಮತ್ತು ಮೈಸೂರು ಲ್ಯಾನ್ಸರುಗಳು ಕುದುರೆಯ ಮೇಲೆ ನುಗ್ಗಿ ಹಿಡಿದರು. ಪ್ರಸಿದ್ಧವಾಗಿರುವ ಚಿತ್ರದಲ್ಲಿ ಭರ್ಜಿಗಳನ್ನು ನೆಟ್ಟಗೆ ಹಿಡಿದ ಸವಾರರು ಪಟ್ಟಣದ ಬೀದಿಯಲ್ಲಿ ಸಾಲಾಗಿ ಸಾಗುತ್ತಿದ್ದಾರೆ. ನುಗ್ಗಿದ ಕ್ಷಣ ಅಲ್ಲಿಲ್ಲ, ಬಿದ್ದ ಕುದುರೆಗಳಿಲ್ಲ, ಗಾಯಗಳಿಲ್ಲ. ಮೆರವಣಿಗೆ ಸತ್ಯವೇ, ಆದರೆ ಅದು ಕದನವಾದ ಮೇಲಿನ ಸತ್ಯ. ದರಿಯಾದೌಲತ್ತಿನ ಚಿತ್ರಕಾರ ಬಯಸಿದರೆ ಹೈಫಾದ ಬೆಟ್ಟದ ಇಳಿಜಾರನ್ನೂ ಫಿರಂಗಿಯ ಹೊಗೆಯನ್ನೂ ಒಟ್ಟಿಗೆ ಬರೆಯುತ್ತಿದ್ದ. ಕ್ಯಾಮೆರಾ ತನಗೆ ದೊರೆತದ್ದನ್ನಷ್ಟೇ ಕೊಟ್ಟಿತು. ಅದರ ಪ್ರಾಮಾಣಿಕತೆಯೂ ಬಡತನವೂ ಒಂದೇ ಕಡೆಯಿಂದ ಬಂದವು.

ಹಾಗಾದರೆ ಯಾವುದನ್ನು ನಂಬಬೇಕು? ಸ್ಪೇನಿನ ಗೋಯಾ ನೆಪೋಲಿಯನ್ನನ ಸೈನ್ಯ ತನ್ನ ನಾಡಿನಲ್ಲಿ ನಡೆಸಿದ ಕ್ರೌರ್ಯವನ್ನು 82 ಅಚ್ಚುಚಿತ್ರಗಳಲ್ಲಿ ಕೊರೆದ. ಅವುಗಳಲ್ಲಿ ಹೆಚ್ಚಿನವು ಪ್ರಕಟವಾದದ್ದು 1863ರಲ್ಲಿ, ಅವನು ಸತ್ತು 35 ವರ್ಷಗಳ ಮೇಲೆ. ಅಲ್ಲಿ ಸೇನಾಪತಿಗಳ ವಿಜಯವಿಲ್ಲ. ಹಸಿವು, ಅತ್ಯಾಚಾರ, ಮರಕ್ಕೆ ಕಟ್ಟಿದ ದೇಹಗಳಿವೆ. 1937ರ ಏಪ್ರಿಲ್ 26ರಂದು ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಬಿದ್ದ ಸುದ್ದಿಯನ್ನು ಪ್ಯಾರಿಸ್ಸಿನಲ್ಲಿ ಪತ್ರಿಕೆಯ ಮೂಲಕ ತಿಳಿದ ಪಿಕಾಸೊ, ಕಪ್ಪು, ಬಿಳುಪು, ಬೂದು ಬಣ್ಣಗಳಲ್ಲೇ ಅದನ್ನು ಬರೆದ. ಪತ್ರಿಕೆಯ ಛಾಯಾಚಿತ್ರದ ಬಣ್ಣ ಅದು. ಅವನೂ ಆ ಊರಿನಲ್ಲಿರಲಿಲ್ಲ, ಪೋರ್ಟರನೂ ಈ ಊರಿನಲ್ಲಿರಲಿಲ್ಲ. ಇಬ್ಬರೂ ಕೇಳಿ ಬರೆದವರೇ. ಒಬ್ಬ ಗೋಡೆಯೇರಿದವರ ಕಡೆ ನಿಂತು ಬರೆದ, ಇನ್ನೊಬ್ಬ ಸತ್ತ ಮಗುವನ್ನು ಎತ್ತಿಕೊಂಡ ತಾಯಿಯ ಕಡೆ ನಿಂತು ಬರೆದ. ಸಾಧನ ಕುಂಚವೋ ಕ್ಯಾಮೆರಾವೋ ಎಂಬುದಕ್ಕಿಂತ ಚಿತ್ರಕಾರ ಎಲ್ಲಿ ನಿಂತಿದ್ದಾನೆ ಎಂಬುದೇ ಮುಖ್ಯವಾದ ಪ್ರಶ್ನೆ. ನೋಡುಗನಿಗೂ ಅದೇ ಪ್ರಶ್ನೆ ಸಲ್ಲುತ್ತದೆ. 1999ರ ಕಾರ್ಗಿಲ್ ಯುದ್ಧ ಟೆಲಿವಿಷನ್ನಿನ ಮೂಲಕ ಮನೆಯ ನಡುಮನೆಗೆ ಬಂದಂದಿನಿಂದ ಊಟದ ತಟ್ಟೆಯ ಮುಂದೆ ಕುಳಿತೇ ಯುದ್ಧವನ್ನು ನೋಡುವುದು ಅಭ್ಯಾಸವಾಗಿದೆ. ಪೋರ್ಟರನ ದೃಶ್ಯಪಟದ ಮುಂದೆ ನಿಂತ ಲಂಡನ್ನಿನ ಜನರಿಗೂ ಈ ನೋಡುಗರಿಗೂ ಇರುವ ಅಂತರ ತೀರಾ ಕಡಿಮೆ.

ಈ ಸೀಮೆಯ ಹಳ್ಳಿಗಳಿಂದಲೂ ಕೊಡಗಿನಿಂದಲೂ ಸೈನ್ಯಕ್ಕೆ ಸೇರಿ ಮರಳಿ ಬಾರದವರ ಮನೆಗಳಲ್ಲಿ ಗೋಡೆಯ ಮೇಲೆ ಒಂದು ಛಾಯಾಚಿತ್ರವಿರುತ್ತದೆ. ಸಮವಸ್ತ್ರ, ನೇರ ನೋಟ, ಗಾಜಿನ ಮೇಲೆ ಕುಂಕುಮ, ಚೌಕಟ್ಟಿಗೆ ಹಾರ. ಅದರಲ್ಲಿ ಯುದ್ಧದ ಯಾವ ಗುರುತೂ ಇಲ್ಲ. ಯಾವುದೋ ಸ್ಟುಡಿಯೋದಲ್ಲಿ ರಜೆಯ ದಿನ ತೆಗೆಸಿದ್ದು. ಯುದ್ಧಚಿತ್ರಗಳ ಚರಿತ್ರೆ ಬರೆಯುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ವೀರಗಲ್ಲಿನ ನಿಜವಾದ ವಾರಸುದಾರ ಈ ಪಟವೇ. ಒಬ್ಬನ ಮುಖ, ಒಬ್ಬನ ಹೆಸರು, ಅವನನ್ನು ಬಲ್ಲ ಜನರ ನಡುವೆ. ವೀರಗಲ್ಲಿನ ಮೇಲಿನ ಎರಡು ಪಟ್ಟಿಕೆಗಳು ಇಲ್ಲಿ ಇಲ್ಲ. ಅವನನ್ನು ಒಯ್ಯುವ ಅಪ್ಸರೆಯರಿಲ್ಲ, ಕಾದಿರುವ ಲೋಕವಿಲ್ಲ. ಆ ಖಾಲಿ ಜಾಗವನ್ನು ತುಂಬಲು ಸಭೆಗಳು, ಭಾಷಣಗಳು, ಬೀದಿಯ ಫ್ಲೆಕ್ಸುಗಳು ಧಾವಿಸುತ್ತವೆ. ಕೆಲವು ದಿನಗಳಲ್ಲಿ ಫ್ಲೆಕ್ಸು ಹರಿಯುತ್ತದೆ, ಪಟ ಉಳಿಯುತ್ತದೆ. ಮಾಸ್ತಿಕಲ್ಲಿನಲ್ಲಿ ತೋಳಷ್ಟೇ ಆಗಿದ್ದವಳು ಈ ಮನೆಯಲ್ಲಿ ಬದುಕಿದ್ದಾಳೆ. ಪ್ರತಿದಿನ ಬೆಳಗ್ಗೆ ಗಾಜನ್ನು ಒರೆಸಿ ಹೂವಿಡುವವಳು ಅವಳೇ. ಅವಳನ್ನು ಚಿತ್ರಿಸಿದವರು ಇನ್ನೂ ವಿರಳ. ಪನಸೋಗೆಯ ಕದನದಿಂದ ಇಂದಿನವರೆಗೆ ಈ ನದಿಯ ದಡದ ಯುದ್ಧಗಳ ಚಿತ್ರಶಾಲೆಯಲ್ಲಿ ಅವಳ ಜಾಗ ಖಾಲಿಯಾಗಿಯೇ ಇದೆ.